ಡಿವಿಡೆಂಡ್ ಕೊಡದ ಕಂಪನಿ ಮತ್ತು ನನ್ನ ಅಕ್ಕ

ವಳ್ಳೂರಿನ ಹತ್ತಿರ ಬಸ್ಸಿಳಿದರೆ ಮೊದಲು ಕಾಣುವುದು ಕೆರೆ. ಅದು ಕೆರೆಯಲ್ಲ, ಸೋಲಾರ್ ಫಲಕಗಳು ಎಂದು ನನಗೆ ಚೆನ್ನಾಗಿ ಗೊತ್ತು; ಆದರೂ ಪ್ರತಿ ಸಲ ಕಣ್ಣು ಮೋಸಹೋಗುತ್ತದೆ. ಝಳಕ್ಕೆ ಆ ನೀಲಿ ಮೆಲ್ಲಗೆ ಅಲುಗುತ್ತದೆ, ಮೋಡದ ನೆರಳು ಅದರ ಮೇಲೆ ಸದ್ದಿಲ್ಲದೆ ತೇಲಿಹೋಗುತ್ತದೆ. ಅಕ್ಕನ ಮನೆಯವರ ಕಡಲೆಕಾಯಿ ಹೊಲ ಅದರಡಿಯಲ್ಲೇ ಎಲ್ಲೋ ನಿದ್ದೆ ಮಾಡುತ್ತಿದೆ.

ಆ ಮಧ್ಯಾಹ್ನ ಮಾತ್ರ ನನಗೆ ನೋಡುವ ಮನಸ್ಸಿರಲಿಲ್ಲ. ಕೊರಟಗೆರೆಯ ಕಚೇರಿಗೆ ಅರ್ಧ ದಿನ ರಜೆ ಹಾಕಿ, ಮಧುಗಿರಿಯಲ್ಲಿ ಬಸ್ಸು ಬದಲಿಸಿ, ಅಕ್ಕನಿಗೆ ಹೇಳಬೇಕಾದ ಸುದ್ದಿಯನ್ನು ದಾರಿಯುದ್ದಕ್ಕೂ ಬೇರೆ ಬೇರೆ ಧಾಟಿಯಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಎಲ್ಲ ಧಾಟಿಯಲ್ಲೂ ಕೊನೆಗೆ ಅವಳು ಅಳುತ್ತಿದ್ದಳು.

ಹೊಲ ಸೋಲಾರಿನವರಿಗೆ ಗುತ್ತಿಗೆಗೆ ಹೋದ ಮೇಲೆ ವರ್ಷಕ್ಕೊಮ್ಮೆ ಬರುವ ಹಣ ಭಾವನ ಖಾತೆಗೆ ಬೀಳುತ್ತದೆ. ಭಾವ ಕೆಟ್ಟವರಲ್ಲ, ಆದರೆ ಕುಕ್ಕರಿನ ರಬ್ಬರಿಗೂ ವಿಚಾರಣೆ ನಡೆಸಿಯೇ ದುಡ್ಡು ಕೊಡುವವರು. ಮೇಯಿಸುವ ಜಾಗ ಕಮ್ಮಿಯಾಗಿ ಅಕ್ಕ ತನ್ನ ಕುರಿಗಳನ್ನು ಮಾರಿದಾಗ, ಆ ದುಡ್ಡನ್ನು ನನ್ನ ಕೈಗಿಟ್ಟು, "ವರ್ಷಕ್ಕೊಂದ್ಸಲ ನನ್ ಕೈಗೇ ಬರೋ ಅಂಥದ್ದು ಏನಾರ ಮಾಡ್ಕೊಡ್ಲಾ. ಯಾರ್ನೂ ಕೇಳಂಗಿರ್ಬಾರ್ದು" ಅಂದಿದ್ದಳು.

ನಾನು ಫಲಕ ತಯಾರಿಸುವ ಕಂಪನಿಯೊಂದರ ಷೇರು ಕೊಂಡೆ. ಫಲಕದ ಕೆಳಗಿನ ನೆಲವೇ ವರ್ಷ ವರ್ಷ ಕೊಡುವಾಗ ಫಲಕ ಮಾಡುವವನು ಕೊಡದಿರುತ್ತಾನೆಯೇ? ಮಧುಗಿರಿ ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಾ ಹೊಳೆದ ಈ ತರ್ಕ ನನಗೆ ಎಷ್ಟು ಹಿಡಿಸಿತೆಂದರೆ, ಅವತ್ತೊಂದು ದಿನ ಚಿಂತೆಯನ್ನೇ ಮಾಡಲಿಲ್ಲ. ಮನೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ನಾನು, ಆ ಕಂಪನಿಯ ಲಾಭಾಂಶ ನೀತಿ ಎಂಬ ನಾಲ್ಕು ಪುಟವನ್ನು ಓದಿದ್ದು ಷೇರು ಕೊಂಡ ಮೇಲೆ, ಅದೂ ಮೊದಲ ವರ್ಷ ಏನೂ ಬಾರದಿದ್ದಾಗ. ಲಾಭ ಬಂದರೂ ಹಂಚಲೇಬೇಕೆಂದಿಲ್ಲ, ಬೆಳವಣಿಗೆಗೆ ಬೇಕೆನಿಸಿದರೆ ಉಳಿಸಿಕೊಳ್ಳಬಹುದು ಎಂದು ಅದರಲ್ಲಿ ಬಹಳ ಮರ್ಯಾದೆಯಿಂದ ಬರೆದಿತ್ತು. ಈಗ ಎರಡನೇ ವರ್ಷವೂ ಹಾಗೇ ಆಗಿತ್ತು.

ಅಕ್ಕ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಬರಗೂರಿನಿಂದ ಆಂಧ್ರದ ಗಡಿಯ ಈ ಊರಿಗೆ ಕೊಟ್ಟ ಮೇಲೆ ಅವಳ ಮಾತಿಗೆ ಅಲ್ಲಲ್ಲಿ ತೆಲುಗು ಹತ್ತಿಕೊಂಡಿದೆ.

"ಏಮಿರಾ, ಮುಖ ಹಿಂಗದೆ? ಯಾರಾರ ಓದ್ರಾ?"

"ಯಾರೂ ಓಗಿಲ್ಲ ಕಣಕ್ಕ. ಆ ಕಂಪನಿಯೋರು ಈ ವರ್ಷಾನೂ ಏನೂ ಕೊಡಲ್ವಂತೆ."

"ಲಾಸಾ?"

"ಇಲ್ಲ, ಲಾಭ ಬಂದೈತೆ. ಬಂದಿದ್ನೆಲ್ಲ ಹೊಸ ಕಾರ್ಖಾನೆಗೆ ಆಕ್ತಾರಂತೆ."

ಅವಳ ಬೆರಳು ನಿಲ್ಲಲಿಲ್ಲ. "ಕುರಿ ಪಾಲಿಗೆ ಬುಟ್ಟಂಗಾಯ್ತು ಬುಡು."

ನಮ್ಮ ಕಡೆ ಮೇಯಿಸಲಾಗದವರು ತಮ್ಮ ಕುರಿಗಳನ್ನು ಬೇರೆಯವರಿಗೆ ಸಾಕಲು ಕೊಡುತ್ತಾರೆ. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು.

"ಮರಿ ಈಗ್ಲೇ ಅಂಚ್ಬ್ಯಾಡಕ್ಕ, ಮಂದೆ ದೊಡ್ದಾಗ್ಲಿ ಅಂತ ಸಾಕೋನು ಕೇಳ್ತಾನೆ. ನಾನೂ ಎಷ್ಟ್ ಸಲ ಊಂ ಅಂದಿಲ್ಲ? ಕಾಯಾಣ. ಇದ್ನೇಳಾಕೆ ರಜಾ ಆಕ್ಬಂದ್ಯಾ, ಪುಕ್ಕಲ?"

ಎರಡು ತಿಂಗಳಿನಿಂದ ಎದೆಯಲ್ಲಿ ಕೂತಿದ್ದ ಕಲ್ಲು ಇಷ್ಟು ಸುಲಭವಾಗಿ ಇಳಿಯಿತೇ ಎಂದು ನನಗೆ ನಿರಾಸೆಯೇ ಆಯಿತು. ಬೇವಿನ ನೆರಳು, ಹುಣಸೆಯ ಹುಳಿ ವಾಸನೆ, ದೂರದಲ್ಲಿ ಆ ನೀಲಿ. ಕಣ್ಣು ಎಳೆಯುತ್ತಿತ್ತು.

"ಕಿವಿಗುರ್ತು ಯಾರ್ದಾಕ್ಸಿದೀಯ?"

ಪಾಲಿಗೆ ಬಿಡುವ ಮೊದಲು ಕುರಿಯ ಕಿವಿ ಕತ್ತರಿಸಿ ಒಡೆಯನ ಗುರುತು ಮಾಡುತ್ತಾರೆ. ಮಂದೆ ಯಾರ ಬಳಿಯೇ ಇರಲಿ, ಕಿವಿ ನೋಡಿದರೆ ಕುರಿ ಯಾರದೆಂದು ತಿಳಿಯುತ್ತದೆ.

ನನ್ನ ನಿದ್ದೆ ಹಾರಿತು. ನನ್ನದೊಂದು ಷೇರು ಖಾತೆ ಇತ್ತಲ್ಲ, ಸುಲಭವೆಂದು ಅದರಲ್ಲೇ ಕೊಂಡಿದ್ದೆ.

"ನನ್ ಹೆಸ್ರಲ್ಲೇ ಐತಕ್ಕ."

ಈಗ ಬೆರಳು ನಿಂತವು. "ಅಂದ್ರೆ ನೀನ್ ನಾಳೆ ಸತ್ರೆ ಅದು ನಿನ್ನೆಂಡ್ತಿದು."

ನಾನು ಸಾಯಬಹುದಾದ ಬಗೆಗಳನ್ನೆಲ್ಲ ನಾನು ಯೋಚಿಸಿದ್ದೇನೆ. ಲಾರಿ, ಹಾವು, ಕಚೇರಿಯ ಸೀಲಿಂಗ್ ಫ್ಯಾನು. ಸತ್ತ ಮೇಲೆ ಅಕ್ಕನ ಕುರಿಗಳು ಎಲ್ಲಿ ಹೋಗುತ್ತವೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಗಂಡನ ಕೈ ತಪ್ಪಿಸ್ಕಂಡು ತಮ್ಮನ ಕೈಗ್ ಬಿದ್ದೆ ನೋಡು," ಅಂದಳು. ನಗುತ್ತಿರಲಿಲ್ಲ.

ಅಲ್ಲೇ ಕೂತು ನನ್ನ ಫೋನಿನಲ್ಲಿ ಅವಳ ಹೆಸರಿನ ಖಾತೆ ತೆರೆಯಲು ಶುರುಮಾಡಿದೆ. ಆಧಾರ್, ಪ್ಯಾನ್ ಎರಡೂ ಟ್ರಂಕಿನಿಂದ ಬಂದವು. ಮುಖವನ್ನು ಒಂದು ವೃತ್ತದೊಳಗೆ ತೋರಿಸಬೇಕಿತ್ತು. ಅಕ್ಕ ಕೈ ತೊಳೆದು, ತಲೆ ಬಾಚಿ ಬಂದು ಕೂತಳು. ಬೆಳಕು ಹೆಚ್ಚಾಯಿತೆಂದು ಎರಡು ಸಲ ತಿರಸ್ಕೃತವಾಯಿತು. ಅವಳನ್ನು ನೆರಳಿಗೆ ತಿರುಗಿಸಿದೆ. ಮೂರನೆಯ ಸಲ ಒಪ್ಪಿತು. ಬಿಳಿ ಹಾಳೆಯ ಮೇಲೆ ಅವಳು ಉಸಿರು ಬಿಗಿಹಿಡಿದು ಸಹಿ ಹಾಕಿದಳು. ಒಂದೊಂದು ಅಕ್ಷರವೂ ನಿಧಾನವಾಗಿ ಎದ್ದು ನಿಂತಿತು.

"ಖಾತೆ ಆದ್ಮೇಲೆ ಷೇರೆಲ್ಲ ನಿನ್ ಹೆಸ್ರಿಗೆ ಬರ್ತವೆ. ಆದ್ರೆ ದುಡ್ಡು ಈ ವರ್ಷ ಬರಲ್ಲ," ನೆನಪಿಸಿದೆ.

"ಗೊತ್ತಾಯ್ತು ಬುಡ್ಲಾ. ಇನ್ನೇನ್ ಕೇಳ್ತೈತೆ ನೋಡು."

"ನಿನ್ ಕಾಲ ಆದ್ಮೇಲೆ ಯಾರಿಗ್ ಸೇರ್ಬೇಕು ಅಂತ ಕೇಳ್ತೈತೆ. ಭಾವನ ಹೆಸ್ರು ಬರೀಲಾ?"

ಅಕ್ಕ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದಳು.

"ಖಾಲಿ ಬುಡು," ಅಂದಳು. "ಯೋಚ್ನೆ ಮಾಡಿ ನಾನೇ ಏಳ್ತೀನಿ. ಏನ್ ಅವಸರ?"