ವಾಘೋಲಿಯಲ್ಲಿ ಇಳಿಯುವ ಬೆಲ್ಲ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ಒಗ್ಗರಣೆ ಡಬ್ಬಿ ನನ್ನ ಕೈಗೆ ಸಿಗುತ್ತಲೇ ಇರಲಿಲ್ಲ. ನಮ್ಮ ಮನೆಯವರು ರೈಲಿನಲ್ಲಿ ಬಂದ ಸಾಮಾನನ್ನು ಬಿಡಿಸಿ, ಎತ್ತಿನ ಗಾಡಿಯಲ್ಲಿ ಶಿರೂರಿನವರೆಗಿನ ಅಂಗಡಿಗಳಿಗೆ ಕಳಿಸುವವರು. ಗಾಡಿ ಹೇರುವ ಮುನ್ನ, ಯಾವ ಸಾಮಾನು ಎಲ್ಲಿಡಬೇಕೆಂದು ನೋಡಲು ನನ್ನ ಡಬ್ಬಿಯ ಬಟ್ಟಲುಗಳನ್ನು ಪಡಸಾಲೆಯಲ್ಲಿ ಸಾಲಾಗಿಟ್ಟು ಕೂತುಬಿಡುತ್ತಿದ್ದರು. ಸಾಸಿವೆ ಎಂದರೆ ಚಹಾ, ಜೀರಿಗೆ ಬೆಲ್ಲ, ಅರಿಷಿಣ ಸಾಬೂನು, ಮೆಂತ್ಯ ಉಪ್ಪು.

“ಏ, ನಿನ್ನ ಗಾಡಿ ತೆಗಿಯೋ, ಸಾರು ಒಗ್ಗರಣಿ ಇಲ್ಲದ ಕೂತದ,” ಎಂದು ಅತ್ತೆ ಒಳಗಿನಿಂದ ಕೂಗುವರು.

ಒಂದು ಸಲ ಅತ್ತೆ ಕೂಗಿದರೂ ಇವರು ಏಳಲಿಲ್ಲ. ಶಿರೂರಿನ ದೊಡ್ಡ ಅಂಗಡಿಯವರು ಚಹಾ ವಾಪಸು ಕಳಿಸಿದ್ದರು, ಅದೂ ಎರಡನೆಯ ಸಲ. ಗಿರಾಕಿಗಳು ಇದನ್ನು ಕುಡಿಯಬೇಕೋ, ಇದರಲ್ಲಿ ಧೋತರ ಒಗೆಯಬೇಕೋ ಎಂದು ಕೇಳಿ ಕಳಿಸಿದ್ದರು. ಇನ್ನೊಮ್ಮೆ ಹೀಗಾದರೆ ಎಲ್ಲ ಸಾಮಾನೂ ಬೇರೆ ಕಡೆಯಿಂದ ತರಿಸುವುದಾಗಿಯೂ ಹೇಳಿದ್ದರು. ಆ ಅಂಗಡಿ ಕೈಬಿಟ್ಟರೆ ಅಷ್ಟು ದೂರ ಗಾಡಿ ಓಡಿಸುವುದೇ ಆಗದ ಮಾತು.

ವಾಪಸು ಬಂದ ಚೀಲ ಬಿಚ್ಚಿ ಮೂಸಿದೆ. ಸಾಬೂನೇ! ಆದರೆ ನಮ್ಮ ಮನೆಯಿಂದ ಹೊರಡುವಾಗ ಆ ಚಹಾ ಘಮ್ಮೆನ್ನುತ್ತಿತ್ತಲ್ಲ? ಹಾಗಾದರೆ ದಾರಿಯಲ್ಲಿ ಏನಾಗುತ್ತದೆ? ಇವರನ್ನೇ ಕೇಳಿದೆ.

“ಚಹಾ ಮುಂದ ಅದ, ಸಾಬೂನು ಹಿಂದ. ನಡುವ ಬೆಲ್ಲದ ಗ್ವಾಡಿನ ಅದ. ವಾಸನಿ ಹೆಂಗ ದಾಟ್ತದ ಹೇಳು?” ಎಂದರು ಇವರು.

“ಆ ಬೆಲ್ಲ ಯಾರಿಗ್ರೀ?”

“ವಾಘೋಲಿಯವರಿಗೆ.”

ವಾಘೋಲಿ ಮೊದಲು ಬರುವ ಊರು, ಶಿರೂರು ಕೊನೆಯದು. ನಾನು ಜೀರಿಗೆ ಬಟ್ಟಲನ್ನು ಎತ್ತಿಕೊಂಡೆ.

“ವಾಘೋಲಿ ಬಂತು. ಬೆಲ್ಲ ಇಳೀತು. ಮುಂದ?”

ಗಾಡಿಯವನು ಜಗುಲಿಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ. ನನ್ನ ಹರಕುಮುರುಕು ಮರಾಠಿಯಲ್ಲಿ ಅವನನ್ನೇ ಕೇಳಿದೆ. ಇದೆಂಥ ಪ್ರಶ್ನೆ ಎಂಬಂತೆ ನಕ್ಕ. ನಡುವಿನ ಭಾರ ಇಳಿದರೆ ಗಾಡಿ ಹಿಂದಕ್ಕೆ ವಾಲಿ ನೊಗ ಮೇಲೇಳುತ್ತದಂತೆ. ಅದಕ್ಕೇ ಹಿಂದಿನ ಸಾಬೂನನ್ನು ಮುಂದೆ ಎಳೆದು, ಚಹಾ ಚೀಲಗಳಿಗೆ ಒತ್ತಿ ಬಿಗಿಯಾಗಿ ಕಟ್ಟುತ್ತಾನಂತೆ. ಅಲ್ಲಿಂದ ಶಿರೂರಿನವರೆಗೂ ಎರಡೂ ಅಪ್ಪಿಕೊಂಡೇ ಹೋಗುತ್ತಿದ್ದವು!

“ಸಂಸಾರ ಹೂಡ್ಯಾವ ನೋಡು,” ಎಂದರು ಅತ್ತೆ.

ಇವರು ಮೆಂತ್ಯದ ಬಟ್ಟಲನ್ನು ಮೆಲ್ಲಗೆ ಚಹಾ, ಸಾಬೂನಿನ ನಡುವೆ ಸರಿಸಿದರು. ಶಿರೂರಿಗೆ ಹೋಗುವ ಉಪ್ಪು ಅದು, ದಾರಿಯಲ್ಲಿ ಇಳಿಯುವುದಿಲ್ಲ. ನನ್ನ ಕೈಯಲ್ಲಿದ್ದ ಬೆಲ್ಲ ಉಪ್ಪಿನ ಮೇಲೆ ಹತ್ತಿತು.

ಈ ಸಲ ಇವರೂ ಗಾಡಿಯೊಡನೆ ಹೋದರು. ತಿರುಗಿ ಬಂದ ಸಪ್ಪಳ ಕೇಳಿದ್ದೇ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದೆ. ಗಾಡಿಯಲ್ಲಿ ಖಾಲಿ ಗೋಣಿಚೀಲಗಳಷ್ಟೇ ಇದ್ದವು.

“ಚಹಾ?”

“ಅಲ್ಲೇ ಕಾಸಿ ನನಗೂ ಕೊಟ್ರು. ಬರೇ ಚಹಾದ ರುಚಿ.” ಚಪ್ಪಲಿ ಬಿಡುತ್ತ ಕೈ ಚಾಚಿದರು. “ಡಬ್ಬಿ ತಾ ಇಲ್ಲೆ.”

“ಈಗ್ಯಾಕ್ರೀ? ಇನ್ನೂ ಕಾಲು ತೊಳದಿಲ್ಲ.”

“ಮುಂದಿನ ಸಲ ಊದಿನಕಡ್ಡೀನೂ ಕಳಸ್ರಿ ಅಂದಾರ. ಅದನ್ನ ಯಾರ ಮಗ್ಗಲಿಗೆ ಕೂಡಸೋದು?”

ನಾನು ಡಬ್ಬಿಯ ಜೊತೆಗೆ, ಊದಿನಕಡ್ಡಿಯೆಂದು ಕೂಡಿಸಲು ಇಂಗಿನ ಭರಣಿಯನ್ನೂ ತಂದೆ.