ಅಪ್ಪನ ಕಾರ್ಬೈನಿನ ಲೇಪ

ಅಮೆರಿಕದ ಓಹಿಯೋದ ಹಳೇ ಬಂದೂಕು ಸಂಗ್ರಾಹಕರ ಕೂಟಕ್ಕೆ ವೆಲ್ಡಾ ಕ್ರೌಸ್ ಬಹಳ ವರ್ಷಗಳಿಂದ ತೀರ್ಪುಗಾರ್ತಿ. ಯುದ್ಧಕಾಲದ ಕಾರ್ಬೈನುಗಳೆಂಬ ಗಿಡ್ಡ ಬಂದೂಕುಗಳ ಮೇಲಿರುವುದು ತುಕ್ಕು ತಡೆಯಲು ಕಾರ್ಖಾನೆಯಲ್ಲೇ ಹಾಕಿದ ಮೂಲ ಲೇಪವೋ, ಆಮೇಲೆ ಯಾರೋ ಹಾಕಿಸಿದ್ದೋ ಎಂದು ಹೇಳುವುದು ಅವಳ ಕೆಲಸ. ಮೂಲ ಲೇಪವಿದ್ದರೆ ಬಂದೂಕಿಗೆ ಬೆಲೆ ಹೆಚ್ಚು. ಈ ಸಲದ ಪ್ರದರ್ಶನಕ್ಕೆ ಅವಳ ತಮ್ಮ ಡ್ವೇನ್ ತೀರಿಹೋದ ಅಪ್ಪನ ಕಾರ್ಬೈನನ್ನೇ ತಂದಿಟ್ಟ. 'ಮೂಲ ಲೇಪ' ಎಂದು ಚೀಟಿ ಬೇರೆ ಅಂಟಿಸಿದ್ದ.

ವೆಲ್ಡಾ ಅದನ್ನು ದೀಪದಡಿ ತಿರುಗಿಸಿ ನೋಡಿದಳು. ನಳಿಕೆಯ ಬುಡದಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳಿದ್ದವು. ಬೂದುಹಸಿರು ಲೇಪ ಆ ಗುಳಿಗಳ ಒಳಗೂ ಇಳಿದಿತ್ತು. ಅಂದರೆ ತುಕ್ಕು ಮೊದಲು, ಲೇಪ ಆಮೇಲೆ.

"ಇದು ಮೂಲದ್ದಲ್ಲ ಕಣೋ," ಎಂದಳು.

"ಮೆಲ್ಲಗೆ ಮಾತಾಡೇ. ಇಷ್ಟು ಜನರ ಮುಂದೆ ಅಪ್ಪನ್ನ ಸುಳ್ಳುಗಾರ ಅಂತೀಯಾ?"

"ಅಪ್ಪ ಲೇಪದ ವಿಷಯ ಬಾಯೇ ಬಿಟ್ಟಿರಲಿಲ್ಲ. ಚೀಟಿ ಬರೆದೋನು ನೀನು."

ಕೂಟದ ಅಧ್ಯಕ್ಷ ಮಾರ್ವಿನ್ ಹತ್ತಿರ ಬಂದ. "ಮನೇದು ತಾನೇ, ಈ ಸಲ ಬಿಟ್ಟುಬಿಡಮ್ಮ," ಎಂದ.

"ಬಿಡೋದಾದ್ರೆ ಈ ಕೆಲಸಾನೇ ಬಿಡ್ತೀನಿ. ಊರವರ ಬಂದೂಕಿಗೊಂದು ಕಣ್ಣು, ನಮ್ಮಪ್ಪನದಕ್ಕೊಂದು ಕಣ್ಣು ನನ್ನ ಹತ್ರ ಇಲ್ಲ."

ತಮ್ಮನ ಚೀಟಿ ಕಿತ್ತು, 'ಮರುಲೇಪ' ಎಂದು ಬರೆದು ಅಂಟಿಸಿದಳು. ಡ್ವೇನ್ ಬಂದೂಕನ್ನು ಎತ್ತಿಕೊಂಡು ಹೊರಟುಹೋದ. ಅದು ಬಾಗಿಲು ದಾಟುವತನಕ ವೆಲ್ಡಾ ನೋಡುತ್ತಲೇ ಇದ್ದಳು. ಆಮೇಲೆ ಮೂಗೊರೆಸಿಕೊಂಡು, ಮುಂದಿನವನನ್ನು ಗಟ್ಟಿಯಾಗಿಯೇ ಕರೆದಳು.