ಕೋಲ್ಮಾದ ಸಮಾಧಿಯ ಮುಂದೆ

ಲಿನ್ ಆಂಟಿಯ ಮುತ್ತಜ್ಜ ಈ ದೇಶಕ್ಕೆ ವಲಸೆ ಬಂದ ಚೀನೀಯ, ಚಿನ್ನದ ಗಣಿಯ ಕೂಲಿ. ನೂರು ವರ್ಷಕ್ಕೂ ಹಿಂದೆ ಒಂದು ಭಾನುವಾರ ಪೇಟೆಗೆ ಇಳಿದು ಬಂದು, ಕ್ಷೌರ ಮಾಡಿಸಿಕೊಂಡು, ತಮ್ಮನ ಅಂಗಡಿಯಲ್ಲಿ ಊಟ ಮಾಡಿ, ಅಕ್ಕಿಮೂಟೆ ಹೊತ್ತು ಮತ್ತೆ ಬೆಟ್ಟ ಹತ್ತಿದನಂತೆ. ಮರುದಿನ ಬಿಳಿಯರ ಗುಂಪು ಬಂದೂಕು ಹಿಡಿದು ಬಂದು ಚೀನೀಯರ ಬಿಡಾರಗಳಿಗೆ ಬೆಂಕಿ ಇಟ್ಟಿತು.

ಫಾಸ್ಟರ್ ಸಿಟಿಯಲ್ಲಿ ಆಂಟಿ ನಮ್ಮ ಪಕ್ಕದ ಮನೆಯವರು. ಹಿರಿಯರ ಸಮಾಧಿ ಗುಡಿಸಿ ಎಡೆ ಇಡುವ ಹಬ್ಬವೆಂದು ಇಂದು ಅವರನ್ನು ಕೋಲ್ಮಾದ ಸ್ಮಶಾನಕ್ಕೆ ಕರೆತಂದೆ. ಕಿತ್ತಳೆಯ ಚೀಲ ಹಿಡಿದು, ಮುತ್ತಜ್ಜನನ್ನು ತುಳಿಯಬಾರದೆಂದು ದೂರದಿಂದ ಸುತ್ತಿಕೊಂಡು ಬಂದೆ. ತಲೆ ಯಾವ ಕಡೆ ಎಂದೂ ಕೇಳಿದೆ.

“ಮೇಲೇ ನಡ್ಕೊಂಡು ಬಾ. ಕೆಳಗಿರೋದು ಒಂದು ಹಳೇ ಅಂಗಿ, ಅದಕ್ಕೇನು ನೋವಾಗಲ್ಲ,” ಎಂದು ಆಂಟಿ ನಕ್ಕರು.

ಪರದೇಶದಲ್ಲಿ ಸತ್ತವರ ಮೂಳೆಗಳನ್ನು ಕೆಲವು ವರ್ಷಗಳ ನಂತರ ಅಗೆದು, ತೊಳೆದು, ಹಡಗಿನಲ್ಲಿ ಹುಟ್ಟೂರಿಗೆ ಕಳಿಸುವುದು ಅವರ ವಾಡಿಕೆಯಾಗಿತ್ತಂತೆ. ಮುತ್ತಜ್ಜನ ತಮ್ಮ ಬೆಟ್ಟಕ್ಕೆ ಹೋದಾಗ ಬರೀ ಬೂದಿ ಇತ್ತು. ಹೆಣಗಳನ್ನು ಎಲ್ಲಿ ಎಸೆದರೆಂದು ಪೇಟೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅಣ್ಣ ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಅಂಗಿಯನ್ನೇ ಕೊನೆಗೆ ಹೂಳಿಸಿದ.

“ನಿನ್ನ ಗಂಡನ್ನ ಊರಿಗೆ ಕರ್ಕೊಂಡು ಹೋದ್ಯಾ?” ಎಂದು ಆಂಟಿ ಕೇಳಿದರು.

ಹೋದ ವರ್ಷ ಇವರ ಅಸ್ಥಿಯನ್ನು ವಿಮಾನದಲ್ಲಿ ಮಡಿಲಲ್ಲಿಟ್ಟುಕೊಂಡು ಹೋಗಿ, ಶ್ರೀರಂಗಪಟ್ಟಣದಲ್ಲಿ ಹೊಳೆಗೆ ಬಿಟ್ಟು ಬಂದೆ ಎಂದೆ.

“ಪುಣ್ಯವಂತೆ ನೀನು,” ಎಂದರು. ಇವರು ಹೋದ ಮೇಲೆ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ಹುಲ್ಲು ಕೀಳುತ್ತಾ ಕೂತೆ.

ಆಂಟಿ ಮೊದಲು ಪ್ರತಿ ಬೇಸಿಗೆಯಲ್ಲೂ ಆ ಬೆಟ್ಟಕ್ಕೆ ಹೋಗಿ ಹುಡುಕುತ್ತಿದ್ದರು. ಈಗ ಮಂಡಿ ಬಗ್ಗುವುದಿಲ್ಲ. ಅವರ ನಂತರ ಹುಡುಕುವವರೂ ಇಲ್ಲ. ಮುತ್ತಜ್ಜನ ಒಂದು ಮೂಳೆಯೂ ಇನ್ನೂ ಸಿಕ್ಕಿಲ್ಲ.